ನಾಲ್ಕನೆಯ ಸಾಲಿನ ಹೆಜ್ಜೆ

ಜವಳಗೇರಾಕ್ಕೆ ನಾನು ಹೋದದ್ದು ಹೆಂಡತಿಯ ತಂಗಿಯ ಮಗಳ ಸಂಬಂಧದ ಮಾತಿಗೆ. ಗಂಡಿನ ಕಡೆಯವರು ಊರ ಹೊರಗೆ, ಗದ್ದೆಗಳ ನಡುವೆ ಮನೆ ಕಟ್ಟಿಕೊಂಡಿದ್ದರು. ಬಸ್ಸಿನಿಂದ ಇಳಿದು ಧೋತರ ಎತ್ತಿ ಹಿಡಿದುಕೊಂಡು ಬದುವಿನ ಮೇಲೆ ನಡೆಯುತ್ತಿದ್ದೆ. ನಮ್ಮ ಕಾಲದಲ್ಲಿ ಈ ಸೀಮೆಯೆಂದರೆ ಬಿಳಿಜೋಳ, ಹತ್ತಿ, ಬೇಸಿಗೆಯಲ್ಲಿ ಎತ್ತಿನ ಕಾಲು ಸಿಕ್ಕಿಕೊಳ್ಳುವಷ್ಟು ಅಗಲ ಬಿರುಕು ಬಿಡುವ ಎರೆಹೊಲ. ಈಗ ಕಾಲುವೆ ಬಂದು ಎಲ್ಲಿ ನೋಡಿದರೂ ನೀರು ನಿಂತ ಭತ್ತದ ಗದ್ದೆ. ಬದಲಾಗದೆ ಉಳಿದದ್ದು ಹಸಿ ಎರೆಮಣ್ಣಿನ ವಾಸನೆಯೊಂದೇ. ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಅವತ್ತು ಕಿವಿ ಬಿಸಿಯಾಗುವುದಕ್ಕೆ ಇನ್ನೊಂದು ಕಾರಣ ಕಾಲ ಕೆಳಗೇ ಇತ್ತು. ನನಗಿಂತ ಸ್ವಲ್ಪ ಮುಂಚೆ ಯಾರೋ ಬರಿಗಾಲಿನಲ್ಲಿ ಆ ಬದುವಿನ ಮೇಲೆ ಹೋಗಿದ್ದರು. ಎಡಗಾಲಿನ ಹೆಜ್ಜೆ ಹಗುರ. ಬಲಗಾಲಿನದು ಹಿಮ್ಮಡದ ಕಡೆ ಆಳ, ಗೂಟ ಹೊಡೆದು ಕಿತ್ತಷ್ಟು ಆಳ. ಒಂದಲ್ಲ ಎರಡಲ್ಲ, ಕಣ್ಣಿಗೆ ಕಾಣುವವರೆಗೂ ಹಾಗೆಯೇ. ನಾನು ನಿಂತುಬಿಟ್ಟೆ. ನಾಟಿ ಹಚ್ಚುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಕೇಳಿದೆ.

"ಯವ್ವಾ, ಈಗ ಈ ಬದುವಿನ ಮ್ಯಾಲೆ ಹೋದಾಂವ ಯಾರು?"

"ಹುಲಿಗೆಪ್ಪಣ್ಣ ರೀ. ಪಾಮನಕಲ್ಲೂರಾಂವ. ಇಲ್ಲೆ ಎರಡೆಕರೆ ಮಾಡಾಕತ್ತಾನ. ನಿಮಗ ಏನಾಗಬೇಕ್ರೀ?"

ಏನಾಗಬೇಕು ಎಂದು ಹೇಳಲಿ? ಅಲ್ಲಿಂದಲೇ ತಿರುಗಿ ಓಡಿಬಿಡಬೇಕೆನಿಸಿತು. ಮುಂದಿನ ಬಸ್ಸು ಸಂಜೆಗಿತ್ತು.

ಮೂವತ್ತು ವರ್ಷದ ಹಿಂದೆ ನಾನು ಲಿಂಗಸುಗೂರಿನ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ನಿಜಾಮರ ರಾಜ್ಯ. ಉರ್ದುವಿನಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯಲು ಬಂದರೆ ಹೊಟ್ಟೆಗೆ ತೊಂದರೆಯಿರಲಿಲ್ಲ. ನನಗೆ ಬರುತ್ತಿತ್ತು. ಶರಣಪ್ಪ ಎಂಬ ಹೆಸರನ್ನು ಮರೆತು ಊರೆಲ್ಲ ನನ್ನನ್ನು ಮುನ್ಶಿ ಎಂದೇ ಕರೆಯುತ್ತಿತ್ತು. ಮಿಲ್ಲಿನ ಸೇಠರಿಗೆ ಫುಟ್‌ಬಾಲಿನ ಹುಚ್ಚು. ಹೈದರಾಬಾದಿಗೆ ಹೋದಾಗ ಯಾವುದೋ ಪಂದ್ಯ ನೋಡಿ ಬಂದವರು ತಾವೂ ಒಂದು ತಂಡ ಕಟ್ಟಿದರು, ಅದೂ ಸಂಬಳದ ತಂಡ. ಆಟಗಾರರು ಹತ್ತಿ ಬರುವ ತಿಂಗಳುಗಳಲ್ಲಿ ಅಂಡಿಗೆ, ಅಂದರೆ ಹತ್ತಿಯ ಮೂಟೆ, ಹೊರುತ್ತಿದ್ದರು. ಮಳೆಗಾಲದಲ್ಲಿ ಯಂತ್ರ ನಿಂತಾಗ ಚೆಂಡು ಒದೆಯುತ್ತಿದ್ದರು. ಸಂಬಳ ಮಾತ್ರ ಹನ್ನೆರಡು ತಿಂಗಳೂ ಬರುತ್ತಿತ್ತು. ಊರಿನ ಗಂಡಸರೆಲ್ಲ ಕರುಬುವಂಥ ಚಾಕರಿ ಅದು. ನಾನು ಗುಮಾಸ್ತನಾಗಿದ್ದುಕೊಂಡೇ ಆ ತಂಡದಲ್ಲಿ ಬಲಬದಿಯ ಅಂಚಿನಲ್ಲಿ ಓಡುವ ಆಟಗಾರನೂ ಆಗಿದ್ದೆ. ಕೈಯಲ್ಲಿ ಲೇಖಣಿ, ಕಾಲಲ್ಲಿ ಚೆಂಡು. ಆಗ ನನಗಿದ್ದ ಜಂಬ ನೆನೆದರೆ ಈಗ ನಗು ಬರುತ್ತದೆ.

ಮಳೆಗಾಲದ ಮಧ್ಯದಲ್ಲಿ ನಾವು ಸಿಂಧನೂರಿಗೆ ಹೋಗಿ ಅಲ್ಲಿಯ ತಂಡದ ಜೊತೆ ಆಡಬೇಕು. ಗೆದ್ದವರು ರಾಯಚೂರಿಗೆ, ದೊಡ್ಡ ಕಪ್ಪಿನ ಆಟಕ್ಕೆ. ಮೂರು ವರ್ಷ ಸಾಲಾಗಿ ನಾವು ಸಿಂಧನೂರಿನಲ್ಲೇ ಸೋತು ಎತ್ತಿನ ಬಂಡಿ ತಿರುಗಿಸಿದ್ದೆವು. ರಾಯಚೂರಿನ ಮೈದಾನ ಹೇಗಿದೆಯೆಂದು ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಈ ಸಲವಾದರೂ ಹೋಗಬೇಕು, ಬಲಬದಿಯಲ್ಲಿ ನಾನೇ ಓಡಬೇಕು ಎಂಬ ಆಸೆ ನನ್ನನ್ನು ತಿನ್ನುತ್ತಿತ್ತು.

ಅಷ್ಟರಲ್ಲಿ ಹುಲಿಗೆಪ್ಪ ಬಂದ.

ಪಾಮನಕಲ್ಲೂರಿನ ಕುರುಬರ ಹುಡುಗ, ಹತ್ತೊಂಬತ್ತು ವರ್ಷ. ಬೇಸಿಗೆಯಲ್ಲಿ ಕೊನೆಯ ಅಂಡಿಗೆಗಳನ್ನು ಹೊರಲು ಕೂಲಿಗೆ ಬಂದವನು. ಒಂದು ಸಂಜೆ ನಾವು ಆಡುತ್ತಿದ್ದಾಗ ಚೆಂಡು ಉರುಳಿಕೊಂಡು ಅವನ ಹತ್ತಿರ ಹೋಯಿತು. ಬೆನ್ನ ಮೇಲೆ ಅಂಡಿಗೆಯಿತ್ತು. ಅದನ್ನು ಇಳಿಸಲೂ ಇಲ್ಲ, ಹಾಗೆಯೇ ಬಲಗಾಲಿನಿಂದ ಒದ್ದ. ಚೆಂಡು ನೇರ ಬಂದು ನನ್ನ ಎದೆಗೆ ಬಡಿಯಿತು. ಎಲ್ಲರೂ ನಕ್ಕರು. ಮರುದಿನ ಸೇಠರು ಅವನನ್ನು ತಂಡಕ್ಕೆ ತೆಗೆದುಕೊಂಡರು, ಬಲಬದಿಗೇ. ಜಾಗ ಒಂದು, ಕಾಲು ನಾಲ್ಕು. ಇಬ್ಬರಲ್ಲಿ ಯಾರು ಆಡಬೇಕೆಂಬುದು ಮುಂದೆ ತೀರ್ಮಾನವಾಗಲಿ ಎಂದರು.

ಅವನ ಮೇಲೆ ಸಿಟ್ಟು ಮಾಡೋಣವೆಂದರೆ ಆಸಾಮಿ ಅದಕ್ಕೂ ಅವಕಾಶ ಕೊಡಲಿಲ್ಲ. ಬಾಯಿ ತೆರೆದರೆ 'ಅಣ್ಣಾ'. ಇರಲು ಜಾಗವಿಲ್ಲವೆಂದು ಸೇಠರು ಅವನನ್ನು ನಮ್ಮ ಮನೆಯ ಪಡಸಾಲೆಗೇ ಹಚ್ಚಿದರು. ನಮ್ಮವ್ವ ನೀಲಮ್ಮನಿಗೆ ನಾನೊಬ್ಬನೇ ಮಗ. ಇಪ್ಪತ್ತನಾಲ್ಕು ವರ್ಷ ನನ್ನ ರೊಟ್ಟಿಗೆ ಮಾತ್ರ ಬೀಳುತ್ತಿದ್ದ ಬೆಣ್ಣೆ ಈಗ ಎರಡು ಪಾಲಾಯಿತು. ಅವನು ಬೆಳಿಗ್ಗೆ ಎದ್ದು ಅವ್ವನಿಗೆ ನೀರು ಸೇದಿ ಕೊಡುತ್ತಿದ್ದ. ನಾನು ಹುಟ್ಟಿದಾಗಿನಿಂದ ಆ ಕೆಲಸ ಮಾಡಿದವನಲ್ಲ.

"ನೋಡೋ, ಆ ಹುಡುಗನ ಕೈಕಾಲು ನೋಡು. ನೀನೂ ಅದಿ, ಮೂರು ಹೊತ್ತು ಉಂಡು ಕಾಗದಾ ಗೀಚಿಕೋತ" ಎಂದಳು ಅವ್ವ.

"ಅವನ್ನ ದತ್ತಕ ತಗೋ ಹಂಗಾರ" ಎಂದೆ.

"ಸಿಕ್ಕರ ಬಿಡತೀನೇನು?" ಎಂದು ನಕ್ಕಳು. ಅವಳದು ಬರೀ ತಮಾಷೆ. ನನಗೆ ಅದು ತಮಾಷೆಯಾಗಿ ಕೇಳಲಿಲ್ಲ. ಅವನು ಓಡುವುದನ್ನು ನೋಡಿದರೆ ಉರಿ, ಉಣ್ಣುವುದನ್ನು ನೋಡಿದರೆ ಉರಿ. ಪಡಸಾಲೆಯಲ್ಲಿ ತಲೆ ಇಟ್ಟ ತಕ್ಷಣ ಅವನಿಗೆ ಬರುತ್ತಿದ್ದ ನಿದ್ದೆಯ ಮೇಲೂ ಉರಿ.

ಆ ವರ್ಷ ಸೇಠರು ತಲೆ ಓಡಿಸಿದರು. ಸೋಲುವುದಕ್ಕೆ ಏನಾದರೂ ಐಬು ಇರಲೇಬೇಕು, ಆಟ ಶುರುವಾಗುವ ಮೊದಲೇ ಅದನ್ನು ಹುಡುಕಬೇಕು ಎಂದು ಗುರುಗುಂಟಾದಿಂದ ಹುಸೇನಸಾಬರನ್ನು ಕರೆಸಿದರು. ಹುಸೇನಸಾಬರು ಮೂಲತಃ ದನದ ದಲ್ಲಾಳಿ. ಪ್ರಾಯದಲ್ಲಿ ಹೈದರಾಬಾದಿನ ಬೊಲಾರಮ್ ದಂಡಿನಲ್ಲಿ ಹೇಸರಗತ್ತೆ ನೋಡಿಕೊಂಡಿದ್ದರಂತೆ, ಅಲ್ಲಿ ಸಿಪಾಯಿಗಳ ಆಟ ನೋಡಿ ನೋಡಿ ಕಲಿತಿದ್ದರಂತೆ. ಅಕ್ಷರ ಗೊತ್ತಿರಲಿಲ್ಲ. ಬಿಳಿ ಗಡ್ಡ, ಕೈಯಲ್ಲೊಂದು ತುಮರಿ ಮರದ ಬಡಿಗೆ. ನಮ್ಮ ಆಟವನ್ನು ಒಂದು ಸಂಜೆ ನೋಡಿದರು. ಹುಲಿಗೆಪ್ಪ ಓಡುವಾಗ ಮಾತ್ರ ಬಡಿಗೆಯನ್ನು ಎರಡು ಸಲ ನೆಲಕ್ಕೆ ಕುಟ್ಟಿದರು. ಅದನ್ನು ನಾನು ಗಮನಿಸಿದೆ.

ಮರುದಿನ ಅವರು ನನ್ನನ್ನು ಕೂಡಿಸಿಕೊಂಡು ತಮ್ಮ ಪದ್ಧತಿ ಹೇಳಿದರು. ಗುರುಗುಂಟಾದ ಕಡೆ ಎತ್ತು ಕೊಳ್ಳುವವರು ಹಲ್ಲು, ಸುಳಿ ನೋಡುವುದು ಆಮೇಲೆ. ಮೊದಲು ಎತ್ತನ್ನು ಹಸಿ ಎರೆಯ ಮೇಲೆ ನಡೆಸಿ ಹೆಜ್ಜೆ ನೋಡುತ್ತಾರೆ. ಆಟಗಾರರನ್ನೂ ಹಾಗೆಯೇ ನೋಡಬೇಕು ಎಂದರು.

"ಮುಖಾ ನೋಡಿ ಎತ್ತು ಕೊಂಡಾಂವ ಉದ್ಧಾರ ಆಗಿಲ್ಲ ಮುನ್ಶೀಜಿ. ಮಾರಾಂವ ಕೊಂಬಿಗೆ ಎಣ್ಣಿ ಹಚ್ಚಿರತಾನ, ಮೈ ತಿಕ್ಕಿ ತಿಕ್ಕಿ ಮಿಂಚಿಸಿರತಾನ. ಹೆಜ್ಜಿಗೆ ಎಣ್ಣಿ ಹಚ್ಚಾಕ ಬರಂಗಿಲ್ಲ."

"ಆದ್ರ ಹೆಜ್ಜಿ ಯಾರದಂತ ನಿಮಗ ಗೊತ್ತಿರತೈತಲ್ರೀ?"

"ಗೊತ್ತಿರಬಾರದು. ಗೊತ್ತಾತಂದ್ರ ಕಣ್ಣು ತನಗ ಬೇಕಾದ್ದು ನೋಡತಾವ. ನಾ ಒಳಗ ಬೆನ್ನು ತಿರುಗಿಸಿ ಕುಂದ್ರತೀನಿ. ಯಾರನ್ನ ಯಾವ ಸಾಲಿಗೆ ಓಡಿಸಿದಿ ಅನ್ನೋದು ನಿನ್ನ ಕಾಗದದಾಗಿರಲಿ. ನಾ ಐಬು ಹೇಳಿದ ಮ್ಯಾಲೆ ನೀ ಹೆಸರು ಹೇಳು."

ನನ್ನ ಕಾಗದದ ಮೇಲೆ ಅವರಿಗೆ ಅಷ್ಟು ನಂಬಿಕೆ. ನಾನೂ ಓಡುವವನೇ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಲೆಕ್ಕ ಬರೆಯುವವನು ಸುಳ್ಳು ಬರೆಯಬಹುದೆಂದು ಆ ದಲ್ಲಾಳಿಗೆ ತೋಚಲಿಲ್ಲ. ಅಕ್ಷರ ಬರದವರಿಗೆ ಅಕ್ಷರದ ಮೇಲೆ ಇರುವ ಗೌರವ ನಮಗೆಲ್ಲಿ!

ಮಿರಗದ ಮಳೆ ಬಿದ್ದು ನೆಲ ಹದವಾದ ದಿನ ಮಿಲ್ಲಿನ ಹಿಂದಿನ ಎರೆಹೊಲದಲ್ಲಿ ಹನ್ನೆರಡು ಪಟ್ಟಿ ಹಸನು ಮಾಡಿಸಿದೆ. ಒಬ್ಬೊಬ್ಬನನ್ನೇ ಕರೆದು ಒಂದೊಂದು ಪಟ್ಟಿಯಲ್ಲಿ ಓಡಿಸಿ ಕೊನೆಯಲ್ಲಿ ಚೆಂಡು ಒದೆಯಲು ಹೇಳಿದೆ. ಯಾವ ತುದಿಯಿಂದ ಎಣಿಸುತ್ತೇನೆಂದು ಯಾರಿಗೂ ಹೇಳಲಿಲ್ಲ. ನಾನು ಓಡಿದ್ದು ನಾಲ್ಕನೆಯ ಸಾಲು. ಹುಲಿಗೆಪ್ಪನನ್ನು ಏಳನೆಯದರಲ್ಲಿ ಓಡಿಸಿದೆ. ಎರಡು ದಿನ ಮಳೆ ಬರಲಿಲ್ಲ, ಬಿಸಿಲಿಗೆ ಹೆಜ್ಜೆಗಳು ಅಚ್ಚಾದವು. ಇಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಮೋಸವಿರಲಿಲ್ಲ, ಇದನ್ನು ಆಣೆ ಮಾಡಿ ಹೇಳುತ್ತೇನೆ. ಹೆಜ್ಜೆ ನೋಡಿದರೆ ನಾನೇ ಗೆಲ್ಲುತ್ತೇನೆಂದು ನಂಬಿದ್ದೆ.

ಮೂರನೆಯ ದಿನ ಹುಸೇನಸಾಬರು ಬಡಿಗೆ ಹಿಡಿದು ಮೊದಲ ಸಾಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತರು. ಜೊತೆಗೆ ನಾನೊಬ್ಬನೇ.

"ಇವನ ಹಿಮ್ಮಡ ಹೂತಾವ, ಬೆರಳು ತೇಲ್ಯಾವ. ಓಡೋದು ಮುಂದ, ಜೀವ ಹಿಂದ. ಚೆಂಡು ಎದುರು ಬಂದ್ರ ಅಂಜತಾನ. ಬರಕೋ."

ಅದು ನಮ್ಮ ಗೋಲು ಕಾಯುವ ಗೋಲಿಯದು. ಊರಲ್ಲಿ ಮೀಸೆ ತಿರುವಿಕೊಂಡು ತಿರುಗುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ.

"ಎರಡನೇದಾಂವ ಒದಿಯೂಕಿಂತ ಮೊದಲ ಎರಡು ಸಣ್ಣ ಹೆಜ್ಜಿ ಹಾಕ್ಯಾನ. ಇವ ಲೆಕ್ಕಾ ಹಾಕೂದ್ರಾಗ ಎದುರಿನಾಂವ ಚೆಂಡು ತಗೊಂಡು ಮನಿ ಮುಟ್ಟಿರತಾನ. ಮೂರನೇದಾಂವಗ ಎಡಗಾಲಂದ್ರ ಬರೇ ಊರುಗೋಲು. ಎಡಕ್ಕ ತಿರುಗಬೇಕಂದ್ರ ಇಡೀ ಮೈ ತಿರುಗಸತಾನ, ಬಂಡಿ ತಿರುಗಿಸಿದಂಗ."

ಎಲ್ಲ ನಿಜ. ಮೂರು ವರ್ಷ ಜೊತೆಯಲ್ಲಿ ಆಡಿಯೂ ನಮಗೆ ಕಾಣದ್ದು ಅವರಿಗೆ ಮಣ್ಣಿನಲ್ಲಿ ಕಾಣುತ್ತಿತ್ತು. ನಾನು ಖುಷಿಯಿಂದ ಬರೆಯುತ್ತಿದ್ದೆ. ಪರರ ಐಬು ಬರೆಯುವಾಗ ಲೇಖಣಿ ಎಷ್ಟು ಚೆನ್ನಾಗಿ ಓಡುತ್ತದೆ!

ನಾಲ್ಕನೆಯ ಸಾಲಿನಲ್ಲಿ ಅವರು ಬಹಳ ಹೊತ್ತು ಕುಳಿತರು. ಬಲಗಾಲಿನ ಗುರುತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದರು.

"ಇವನ ಬಲ ಹಿಮ್ಮಡ ನೆಲಕ್ಕ ಹತ್ತೇ ಇಲ್ಲ. ನೋಡು, ಎಡದ್ದು ಪೂರಾ ಮೂಡೈತಿ, ಬಲದ್ದು ಬರೇ ಅಂಚು. ಸಣ್ಣಾಂವ ಇದ್ದಾಗ ಹಿಮ್ಮಡದಾಗ ನಾರು ಎದ್ದಿರಬೇಕು. ಒಣ ನೆಲದಾಗ ನಡೀತೈತಿ. ಕೆಸರಾಗ ಇವನ್ನ ಇಳಸಬ್ಯಾಡ್ರಿ. ಬ್ಯಾರೆ ಯಾಳೇದಾಗ ಅಲ್ಲ, ಬೇಕಾದ ಯಾಳೇದಾಗ ಜಾರತಾನ."

ಎಂಟು ವರ್ಷದವನಿದ್ದಾಗ ನನ್ನ ಬಲ ಹಿಮ್ಮಡದಲ್ಲಿ ನಾರುಹುಣ್ಣಾಗಿತ್ತು. ಮೆಟ್ಟಿಲಿಳಿಯುವ ಬಾವಿಯ ನೀರು ಕುಡಿದವರಿಗೆಲ್ಲ ಆಗುತ್ತಿದ್ದ ರೋಗ. ನಾಟಿ ವೈದ್ಯ ದಿನಕ್ಕಿಷ್ಟು ಎಂದು ಕಡ್ಡಿಗೆ ಸುತ್ತಿ ಹುಳುವನ್ನು ಹೊರಗೆಳೆದಿದ್ದ. ವಾಸಿಯಾಗಿ ಹದಿನಾರು ವರ್ಷವಾಗಿತ್ತು, ನಾನು ಮರೆತೇಬಿಟ್ಟಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕಣ್ಣು ನನ್ನ ಹಿಮ್ಮಡಕ್ಕೆ ಹೋಯಿತು. ಪುಣ್ಯಕ್ಕೆ ಸಾಬರು ಮಣ್ಣು ನೋಡುತ್ತಿದ್ದರು.

ಐದು, ಆರು ಮುಗಿದು ಏಳಕ್ಕೆ ಬಂದೆವು. ಅವರು ಕುಳಿತುಕೊಳ್ಳಲಿಲ್ಲ. ಸಾಲಿನ ಉದ್ದಕ್ಕೂ ನಡೆದು ಹೋದರು, ತಿರುಗಿ ಬಂದರು. ಬಡಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡರು.

"ಮಣ್ಣಿಗೆ ನೋವಾಗಿಲ್ಲ" ಎಂದರು.

"ಅಂದ್ರ?"

"ಎರಡೂ ಕಾಲು ಒಂದ ತೂಕ. ಎಲ್ಲೂ ಹೆಚ್ಚಿಲ್ಲ, ಕಡಿಮಿಲ್ಲ. ನಲವತ್ತು ವರ್ಷ ದನದ ಹೆಜ್ಜಿ, ಮಂದಿ ಹೆಜ್ಜಿ ನೋಡೀನಿ. ಇಂಥಾದು ನೋಡಿಲ್ಲ. ಯಾರದರ ಇರಲಿ, ಅವಂಗ ನಂದೊಂದು ಸಲಾಮ್."

ಹನ್ನೆರಡೂ ಮುಗಿದ ಮೇಲೆ ಬೇವಿನ ನೆರಳಲ್ಲಿ ಕುಳಿತು, "ಇನ್ನ ಹೆಸರು ಹೇಳು" ಎಂದರು. ನಾನು ಕಾಗದ ಬಿಚ್ಚಿದೆ. ಒಂದು, ಎರಡು, ಮೂರು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾಲ್ಕಕ್ಕೆ ಬಂದಾಗ ನನ್ನ ಬಾಯಿ ನನ್ನನ್ನು ಕೇಳದೆಯೇ "ಹುಲಿಗೆಪ್ಪ" ಎಂದಿತು.

ಸಾಬರು ತಲೆ ಎತ್ತಿದರು. "ಖರೇನ?"

"ಖರೇ ರೀ."

"ನನ್ನ ಕಣ್ಣು ಬ್ಯಾರೆ ಹೇಳಿತ್ತು. ಇರಲಿ, ಮಣ್ಣು ಸುಳ್ಳಾಡಂಗಿಲ್ಲ. ನನ್ನ ಕಣ್ಣಿಗೇ ವಯಸ್ಸಾತು."

ಏಳನೆಯ ಸಾಲಿಗೆ ನನ್ನ ಹೆಸರು ಹೇಳಿದೆ. ಆ ಮುದುಕರು ನೆಲಕ್ಕೆ ಕೈಯೂರಿ ಎದ್ದು ನಿಂತರು. ತಮ್ಮ ಅರ್ಧ ವಯಸ್ಸಿನವನಿಗೆ ಮಾಡುವಂತೆ ಅಲ್ಲ, ದೊಡ್ಡವರಿಗೆ ಮಾಡುವಂತೆ ಕೈ ಹಣೆಗೆ ಹಚ್ಚಿ ಸಲಾಮು ಮಾಡಿದರು. ಆ ಸಲಾಮನ್ನು ನಾನು ತೆಗೆದುಕೊಂಡೆ. ಸಂಜೆಗೆ ಹೊಲಕ್ಕೆ ಕುಂಟೆ ಹೊಡೆಸಿ ಹನ್ನೆರಡೂ ಸಾಲು ಅಳಿಸಿದೆ.

ಐಬಿನ ಪಟ್ಟಿಯನ್ನು ಸೇಠರ ಮುಂದೆ, ಎಲ್ಲರನ್ನೂ ನಿಲ್ಲಿಸಿ ನಾನೇ ಓದಿದೆ. ಗೋಲಿ ಸಿಟ್ಟಾಗಿ ಎರಡು ದಿನ ಮಾತು ಬಿಟ್ಟ. ಉಳಿದವರು ಗೊಣಗಿದರು. ಹುಲಿಗೆಪ್ಪನೊಬ್ಬ ತನ್ನ ಬಲಗಾಲನ್ನು ಎತ್ತಿ, ಹಿಮ್ಮಡ ತಿರುಗಿಸಿ ನೋಡಿಕೊಂಡ. ಅಲ್ಲಿ ಏನೂ ಇರಲಿಲ್ಲ. ಆದರೂ ಬಹಳ ಹೊತ್ತು ನೋಡಿದ. ಈ ವರ್ಷ ಬಲಬದಿಗೆ ಮುನ್ಶಿಯೇ ಎಂದು ಸೇಠರು ಹೇಳಿದರು.

ಮನೆಗೆ ಬಂದ ಮೇಲೆ ಅವನು ನನ್ನ ಹತ್ತಿರ ಬಂದು ಕುಳಿತ. ಜಗಳಕ್ಕೆ ಬಂದನೆಂದು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ.

"ಅಣ್ಣಾ, ಹಿಮ್ಮಡ ಹೆಂಗ ಒತ್ತಬೇಕು ಸ್ವಲ್ಪ ತೋರಸು. ಕುರಿ ಹಿಂದ ಓಡಿ ಓಡಿ ಹಿಂಗಾಗಿರಬೇಕು. ನನಗ ಗೊತ್ತಾ ಇರಲಿಲ್ಲ ನೋಡು. ನೀ ಹೇಳಿದ್ದು ಚಲೋ ಆತು."

ಅಷ್ಟು ಹೇಳಿದಾಗಲಾದರೂ ನನ್ನ ಬಾಯಿ ತೆರೆಯಬೇಕಿತ್ತು. ನಾನು ಎದ್ದು ಅಂಗಳದಲ್ಲಿ ನಡೆದು ತೋರಿಸಿದೆ. "ಹಿಂಗ ಒತ್ತು. ಇನ್ನಾ ಒತ್ತು. ಗುರುತು ಬೀಳಬೇಕು."

ಅವನು ಒತ್ತಿದ. ಬೆಳಿಗ್ಗೆ ನೀರು ಸೇದಿ ತರುವಾಗ ಒತ್ತಿದ, ಅಂಗಡಿಗೆ ಹೋಗುವಾಗ ಒತ್ತಿದ, ಮೈದಾನದಲ್ಲಿ ಒತ್ತಿದ. ಹದಿನೈದು ದಿನಗಳಲ್ಲಿ ಅವನ ಓಟದ ಹಗುರ ಹೋಯಿತು. ಚೆಂಡು ಅವನ ಕಾಲಿಗೆ ಮೊದಲು ಸಿಗುತ್ತಿತ್ತು, ಈಗ ಅವನು ಹಿಮ್ಮಡದ ಬಗ್ಗೆ ಯೋಚಿಸುವಷ್ಟರಲ್ಲಿ ಮುಂದೆ ಹೋಗಿರುತ್ತಿತ್ತು. ಇಲ್ಲದ ಐಬು ಬಂದೇಬಿಟ್ಟಿತು. ಹುಸೇನಸಾಬರು ನೋಡಿ, "ಮಣ್ಣು ಹೇಳಿದ್ದು ಖರೇ ಆತು" ಎಂದು ಗಡ್ಡ ಸವರಿಕೊಂಡರು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ಅವ್ವ ಹುಡುಗ ಸೊರಗುತ್ತಿದ್ದಾನೆಂದು ಅವನ ರೊಟ್ಟಿಗೆ ಬೆಣ್ಣೆ ಇನ್ನಷ್ಟು ಹಾಕತೊಡಗಿದಳು. ಅದಕ್ಕೂ ನನಗೆ ಉರಿಯಿತು. ಹೊಟ್ಟೆಕಿಚ್ಚಿನವನಿಗೆ ಗೆದ್ದರೂ ಹಬ್ಬವಿಲ್ಲ.

ಪುಷ್ಯ ಮಳೆಯಲ್ಲಿ ನಾವು ಸಿಂಧನೂರಿಗೆ ಹೊರಟೆವು. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಮೂರು ಬಂಡಿ. ಮಸ್ಕಿಯ ಹಳ್ಳದ ದಂಡೆಯಲ್ಲಿ ಎತ್ತು ಬಿಟ್ಟು ಬುತ್ತಿ ಬಿಚ್ಚಿದೆವು. ಜಿಟಿಜಿಟಿ ಮಳೆ, ಗುಡ್ಡದ ಬಂಡೆಗಳೆಲ್ಲ ತೊಯ್ದು ಕಪ್ಪಾಗಿದ್ದವು. ಉಳಿದವರು ಬಂಡಿಯ ಕೆಳಗೆ ಸೇರಿಕೊಂಡರೆ ಹುಲಿಗೆಪ್ಪ ಹಳ್ಳದ ಉಸುಕಿನಲ್ಲಿ ಒಬ್ಬನೇ ನಡೆಯುತ್ತಿದ್ದ, ತಿರುಗಿ ತಿರುಗಿ ತನ್ನ ಹೆಜ್ಜೆ ನೋಡಿಕೊಳ್ಳುತ್ತಿದ್ದ. ಅವನು ಆಡುವವನಾಗಿರಲಿಲ್ಲ. ಹನ್ನೆರಡನೆಯವನಾಗಿ ನಮ್ಮ ಬಟ್ಟೆ, ನೀರು ಹೊರಲು ಬಂದಿದ್ದ.

"ಆ ಹುಡುಗಗ ಕೂಗು ಮುನ್ಶಿ, ತೊಯ್ಯಾಕತ್ತಾನ" ಎಂದರು ಹುಸೇನಸಾಬರು.

ನಾನು ಕೂಗಿದೆ. ಅವನು ಓಡಿಬಂದು, "ಅಣ್ಣಾ, ಈಗ ಗುರುತು ಬೀಳಾಕತ್ತೈತಿ" ಎಂದು ನಕ್ಕ. ನಾನು ಅರ್ಧ ಉಂಡ ಬುತ್ತಿ ಕಟ್ಟಿಟ್ಟೆ. ಅಲ್ಲಿಯೂ ಹೇಳಲಿಲ್ಲ. ಹೇಳಿದರೆ ರಾಯಚೂರು ಕೈಬಿಟ್ಟು ಹೋಗುತ್ತಿತ್ತು.

ಸಿಂಧನೂರಿನ ಮೈದಾನ ಎರೆನೆಲ. ಬೆಳಗಿನಿಂದ ಮಳೆ ಸುರಿದು ಅಂಟುಕೆಸರಾಗಿತ್ತು. ಎಲ್ಲರೂ ಬರಿಗಾಲು. ಐಬಿನ ಪಟ್ಟಿ ನಿಜಕ್ಕೂ ಕೆಲಸ ಮಾಡಿತು. ಅಂಜುವ ಗೋಲಿಯ ಮುಂದೆ ಗಟ್ಟಿ ಆಳನ್ನು ನಿಲ್ಲಿಸಿದ್ದೆವು, ಎಡಗಾಲಿಲ್ಲದವನನ್ನು ಬಲಕ್ಕೆ ಸರಿಸಿದ್ದೆವು. ಹಿಂದಿನ ವರ್ಷ ನಮ್ಮನ್ನು ಚಚ್ಚಿದ ತಂಡಕ್ಕೆ ಈ ಸಲ ಒಂದು ಗೋಲೂ ಬೀಳಲಿಲ್ಲ. ನಮಗೂ ಬೀಳಲಿಲ್ಲ. ಆಟ ಮುಗಿಯಲು ಕೆಲವೇ ನಿಮಿಷ ಇದ್ದಾಗ ಚೆಂಡು ನನಗೆ ಸಿಕ್ಕಿತು. ಅವರ ಬ್ಯಾಕು ಜಾರಿ ಬಿದ್ದಿದ್ದ, ಗೋಲಿಯೂ ಮುಂದೆ ಬಂದು ಬಿದ್ದಿದ್ದ. ಮುಂದೆ ಬರೀ ಎರಡು ಕಂಬ. ಬಲಗಾಲು ಊರಿ ಎಡಗಾಲಿನಿಂದ ತಳ್ಳಿದರೆ ಸಾಕು.

ಬಲಗಾಲು ಊರಿದೆ. ಹಿಮ್ಮಡ ನಿಲ್ಲಲಿಲ್ಲ. ನಾನು ಅಂಗಾತ ಬಿದ್ದೆ. ಚೆಂಡು ಕಂಬದ ಹೊರಗೆ ಉರುಳಿಹೋಯಿತು. ಅವರು ಅಲ್ಲಿಂದ ಒದ್ದದ್ದು ಒಬ್ಬರಿಂದೊಬ್ಬರಿಗೆ ದಾಟಿ ನಮ್ಮ ಕಂಬಗಳ ನಡುವೆ ಹೋಯಿತು, ನಮ್ಮ ಮೀಸೆಯ ಗೋಲಿ ಕಣ್ಣು ಮುಚ್ಚಿಕೊಂಡಿದ್ದ. ಮತ್ತೆ ಸೋತೆವು.

"ಇದೇನು ನೆಲಾನೋ, ಸುಡುಗಾಡೋ!" ಎಂದು ಬಿದ್ದಲ್ಲಿಂದಲೇ ಒದರಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊದಲು ಓಡಿ ಬಂದವನು ಹುಲಿಗೆಪ್ಪ. ಹೆಗಲ ಮೇಲಿನ ಟವೆಲಿನಿಂದ ನನ್ನ ಕಾಲಿನ ಕೆಸರು ಒರೆಸಿ, "ಪೆಟ್ಟಾತೇನಣ್ಣಾ?" ಎಂದ.

ಎಲ್ಲರೂ ಬಂಡಿಯ ಕಡೆ ಹೋದ ಮೇಲೆ ತಿರುಗಿ ನೋಡಿದರೆ ಹುಸೇನಸಾಬರು ಗೋಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ನಾನು ಬಿದ್ದ ಜಾಗ. ಬಡಿಗೆಯಿಂದ ನನ್ನನ್ನು ಕರೆದರು. ಅಲ್ಲಿ ನನ್ನ ಬಲಗಾಲಿನ ಗುರುತುಗಳಿದ್ದವು, ಬರೀ ಅಂಚು, ಹಿಮ್ಮಡವಿಲ್ಲ.

"ನಾಕನೇ ಸಾಲು ನಿಂದು" ಎಂದರು.

ನಾನು ಬಲಗಾಲು ಹಿಂದಕ್ಕೆ ಎಳೆದುಕೊಂಡೆ.

"ನಾ ನಿನಗ ಎದ್ದು ನಿಂತು ಸಲಾಮ್ ಮಾಡೀನಲ್ಲೋ ಬೇಟಾ." ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. "ನನ್ನ ಕಣ್ಣು ನಾನ ನಂಬಲಿಲ್ಲ, ನಿನ್ನ ಕಾಗದಾ ನಂಬಿದೆ. ಹುಡುಗಗ ನೀನ ಹೇಳು. ನಾ ಹೇಳಿದ್ರ ಚಾಡಿ ಆಗತೈತಿ. ನೀ ಹೇಳಿದ್ರ ಅವನ ಕಾಲು ಅವಗ ತಿರುಗಿ ಸಿಗತೈತಿ. ಲಗೂನ ಹೇಳು, ಚಾಳಿ ಗಟ್ಟಿ ಆಗೂದ್ರಾಗ."

"ಹೇಳತೀನಿ ರೀ" ಎಂದೆ.

ಹೇಳಲಿಲ್ಲ. ಮಸ್ಕಿ ದಾಟಲಿ ಎಂದುಕೊಂಡೆ. ಮನೆ ಮುಟ್ಟಲಿ ಎಂದುಕೊಂಡೆ. ಮನೆ ಮುಟ್ಟಿದಾಗ ಅವ್ವ ಇಬ್ಬರಿಗೂ ಬಿಸಿನೀರು ಕಾಯಿಸಿ, ಮೊದಲ ಚರಿಗೆ ಅವನ ಕಾಲಿಗೆ ಸುರಿದಳು. ಇವನಿಗೆ ಎಲ್ಲವೂ ಇದೆ, ಕಾಲೊಂದು ಹೋದರೆ ಹೋಗಲಿ ಎಂದು ನನ್ನ ಹೊಟ್ಟೆ ಹೇಳಿತು. ಹೊಟ್ಟೆಯ ಮಾತನ್ನೇ ಕೇಳಿದೆ. ಹುಸೇನಸಾಬರು ಸಿಂಧನೂರಿನಿಂದ ಬಂದವರೇ ಗುರುಗುಂಟಾಕ್ಕೆ ಹೊರಟುಹೋದರು, ಆ ಚಳಿಗಾಲದಲ್ಲಿ ತೀರಿಕೊಂಡ ಸುದ್ದಿ ಬಂತು. ಮುಂದಿನ ಮಳೆಗಾಲದ ಹೊತ್ತಿಗೆ ಸೇಠರ ಹುಚ್ಚು ಇಳಿದು ತಂಡ ಒಡೆಯಿತು. ಹುಲಿಗೆಪ್ಪ ಅವ್ವನ ಕಾಲು ಮುಟ್ಟಿ ಪಾಮನಕಲ್ಲೂರಿಗೆ ಹೋದ. ಬಾಗಿಲು ದಾಟುವಾಗಲೂ ಬಲ ಹಿಮ್ಮಡ ಒತ್ತಿಯೇ ದಾಟಿದ.

ಆಮೇಲೆ ರಜಾಕಾರರ ಗಲಾಟೆಯ ವರ್ಷಗಳು ಬಂದವು, ನಿಜಾಮರ ಆಳ್ವಿಕೆ ಹೋಯಿತು, ಉರ್ದು ಮರೆತು ಕನ್ನಡದಲ್ಲಿ ಬರೆಯುವುದನ್ನು ಕಲಿತೆ. ಅವ್ವ ಸಾಯುವ ಮುಂಚೆ ಒಮ್ಮೆ, "ಆ ಹುಲಿಗೆಪ್ಪ ಎಲ್ಲಿ ಅದಾನೋ ಏನೋ" ಎಂದಿದ್ದಳು. ನಾನು ಹುಡುಕಲಿಲ್ಲ. ಈಗ ಜವಳಗೇರಾದ ಬದುವಿನ ಮೇಲೆ ಅವನ ಹೆಜ್ಜೆ ನನ್ನನ್ನು ಹುಡುಕಿಕೊಂಡಿತ್ತು.

ಸಂಬಂಧದ ಮಾತು ಮುಗಿಸಿಕೊಂಡು ಆ ಹೆಜ್ಜೆ ಹಿಡಿದು ಹೋದೆ. ಪಂಪಿನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ತಲೆ ನರೆತಿತ್ತು, ನಗು ಅದೇ. ಎದ್ದು ಬಂದು ನನ್ನ ಎರಡೂ ಕೈ ಹಿಡಿದ.

"ಶರಣಪ್ಪಣ್ಣಾ! ಅವ್ವ ಹೆಂಗದಾಳ?" ತೀರಿಕೊಂಡಳೆಂದೆ. ಕಣ್ಣು ಒರೆಸಿಕೊಂಡ. ನಾನು ಅವಳು ಸತ್ತಾಗಲೂ ಅಷ್ಟು ಬೇಗ ಅತ್ತಿರಲಿಲ್ಲ. ನಾಟಿಯ ಆಳುಗಳನ್ನು ಕರೆದು, "ಇವರ ನೋಡ್ರಿ ನಾ ಹೇಳತಿದ್ದೆನಲ್ಲ ಮುನ್ಶಿ ಅಣ್ಣ. ನನ್ನ ಐಬು ಮುಖದ ಮ್ಯಾಲೆ ಹೇಳಿ ತಿದ್ದಿದಾಂವ. ಅಂಥಾ ಮಂದಿ ಈಗ ಎಲ್ಲಿ ಸಿಗತಾರ?" ಎಂದ. ಊಟ ಮಾಡಿಯೇ ಹೋಗಬೇಕು, ಮಗಳು ರೊಟ್ಟಿ ಬಡಿಯುತ್ತಾಳೆ ಎಂದು ಹಟ ಹಿಡಿದ.

ಬೈದಿದ್ದರೆ ಮತ್ತೊಂದು ಮೂವತ್ತು ವರ್ಷ ಸುಮ್ಮನಿರುತ್ತಿದ್ದೆನೇನೋ. ಆ ಹೊಗಳಿಕೆ ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಆಳುಗಳು ಗದ್ದೆಗೆ ಇಳಿದ ಮೇಲೆ ಹೇಳಿದೆ.

"ಹುಲಿಗೆಪ್ಪಾ, ನಾಕನೇ ಸಾಲು ನಂದು. ನಿನ್ನ ಹಿಮ್ಮಡಕ್ಕ ಏನೂ ಆಗಿರಲಿಲ್ಲ. ಐಬು ನಂದಿತ್ತು. ನಾ ಹೆಸರು ಅದಲ ಬದಲ ಮಾಡಿದೆ. ಹೊಟ್ಟಿಕಿಚ್ಚಿಗೆ."

ಅವನು ನನ್ನನ್ನು ನೋಡಲಿಲ್ಲ. ತನ್ನ ಬಲಗಾಲು ನೋಡಿದ. ಪಂಪಿನ ನೀರು ತೊಟ್ಟಿಗೆ ಬೀಳುತ್ತಲೇ ಇತ್ತು.

"ಹಂಗಾರ ನಂದು ಯಾವುದು?" ಎಂದು ಕೇಳಿದ.

"ಏಳನೇದು."

"ಏಳನೇದಕ್ಕ ಸಾಬರು ಏನಂದಿದ್ರು?"

ಅದನ್ನು ಅವನು ಕೇಳುತ್ತಾನೆಂದು ನಾನು ಎಣಿಸಿರಲಿಲ್ಲ. ಹೇಳಿದೆ. ಎರಡೂ ಕಾಲು ಒಂದೇ ತೂಕ ಎಂದದ್ದು, ನಲವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ಎಂದದ್ದು, ಎದ್ದು ನಿಂತು ಸಲಾಮು ಮಾಡಿದ್ದು, ಆ ಸಲಾಮನ್ನು ನಾನು ತೆಗೆದುಕೊಂಡದ್ದು.

"ಮೊದಲ ಏನಂದ್ರು? ಅವರ ಮಾತಿನಾಗ ಹೇಳು."

"ಮಣ್ಣಿಗೆ ನೋವಾಗಿಲ್ಲ, ಅಂದ್ರು."

"ಇನ್ನೊಮ್ಮೆ ಹೇಳು."

ಹೇಳಿದೆ. ಹೇಳುವಾಗ ನನಗೆ ಏನಾಯಿತೆಂದು ಮುಚ್ಚಿಡುವುದಿಲ್ಲ. ಐವತ್ತನಾಲ್ಕು ವರ್ಷದ ನನಗೆ, ಆ ಮಾತು ನನ್ನ ಸಾಲಿಗೆ ಬಿದ್ದದ್ದಲ್ಲವಲ್ಲ ಎಂದು ಆಗಲೂ ಹೊಟ್ಟೆ ಉರಿಯಿತು.

ಅವನು ಎದ್ದು ಟವೆಲು ಝಾಡಿಸಿ ಹೆಗಲ ಮೇಲೆ ಹಾಕಿಕೊಂಡ. "ಬಸ್ಸಿನ ಹೊತ್ತಾತು, ನೀ ಹೋಗು" ಎಂದ. ಅಣ್ಣಾ ಎನ್ನಲಿಲ್ಲ. ಊಟದ ಮಾತು ಎತ್ತಲಿಲ್ಲ.

ಹಸಿ ಬದುವಿನ ಮೇಲೆ ಮನೆಯ ಕಡೆ ಹೊರಟ. ನಾಲ್ಕು ಹೆಜ್ಜೆ ಹೋಗಿ ನಿಂತ, ತಿರುಗಿ ಕೆಳಗೆ ನೋಡಿದ. ಬಲ ಹಿಮ್ಮಡ ಆಳವಾಗಿಯೇ ಬಿದ್ದಿತ್ತು. ಮತ್ತೆ ಒಂದು ಹೆಜ್ಜೆಯನ್ನು ಮೆಲ್ಲಗೆ, ನೆಲ ನೋಡಿಕೊಂಡೇ ಇಟ್ಟ. ಅದೂ ಆಳವಾಗಿಯೇ ಬಿತ್ತು.